ಚಂದ್ರನ ಮೇಲೊಂದು ಎಕರೆ

ಜೂನ್ 2, ಭಾನುವಾರ

ಪ್ರೀತಿಯ ಪಟಾಕಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು, ನನ್ನ ಉತ್ತರ ಇವತ್ತು ಹೊರಡುತ್ತಿದೆ. ಮುನಿಸಿಕೊಳ್ಳಬೇಡ. ಊರಿಗೆಲ್ಲ ಬರೆದುಕೊಡುವ ಮಹಾನುಭಾವರಿಗೆ ಮಗಳಿಗೆ ನಾಲ್ಕು ಸಾಲು ಗೀಚಲು ಕೈ ಬರುವುದಿಲ್ಲ ಎಂದು ನಿಮ್ಮಮ್ಮ ದಿನಕ್ಕೆರಡು ಸಲ ಚುಚ್ಚುತ್ತಾಳೆ. ಸೋಮಾರಿತನವಲ್ಲ ಮಗಳೇ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹರಿದು ಹಾಕಿದೆ. ಫೋನಿನಲ್ಲಿ ಹೇಳೋಣವೆಂದರೆ ಈಗೀಗ ನಿನ್ನ ಫೋನನ್ನು ಅಳಿಯಂದಿರೇ ಎತ್ತುತ್ತಾರೆ, ನೀನು ಸ್ನಾನಕ್ಕೆ ಹೋಗಿದ್ದೀಯ ಎನ್ನುತ್ತಾರೆ. ಒಬ್ಬ ಹೆಂಗಸು ದಿನಕ್ಕೆ ನಾಲ್ಕು ಸಲ ಸ್ನಾನ ಮಾಡುವುದನ್ನು ನಾನು ಕೇಳಿಲ್ಲ. ಅದಕ್ಕೇ ಕಾಗದ. ಇದನ್ನು ನೀನೊಬ್ಬಳೇ ಕೂತು ಓದು.

ನಾವು ಕ್ಷೇಮ. ನಿಮ್ಮಮ್ಮನ ಮಂಡಿ ನೋವು ಹಾಗೇ ಇದೆ, ನಾಲಿಗೆ ಮಾತ್ರ ಗಟ್ಟಿಯಾಗಿದೆ. ನೋಂದಣಿ ಕಚೇರಿಯ ಎದುರಿನ ಜಗಲಿಯಲ್ಲಿ ನಮ್ಮ ಪತ್ರ ಬರಹಗಾರರ ಸಾಲಿಗೆ ಹೊಸ ತಗಡು ಹೊದಿಸಿದ್ದಾರೆ. ಬಿಸಿಲಿಗೆ ಕಾದರೆ ಒಳಗೆ ಕೂತವರು ಬೇಯಬೇಕು, ಅಷ್ಟು ಚೆನ್ನಾಗಿದೆ. ನನ್ನ ಮೇಜು, ಕೈ ಮುರಿದ ಕುರ್ಚಿ, ಹನ್ನೆರಡು ವರ್ಷದಿಂದ ಜೊತೆಗಿರುವ ಟೈಪಿಸ್ಟು, ಎಲ್ಲ ಇದ್ದಲ್ಲೇ ಇದ್ದಾರೆ.

ಇನ್ನು ವಿಷಯಕ್ಕೆ ಬರುತ್ತೇನೆ. ಕಳೆದ ತಿಂಗಳು ನಿನ್ನ ದೊಡ್ಡಮ್ಮ ಬರಹೇಳಿದರು. ಕೆಳಗಿನ ಹಾಲಿನಲ್ಲಿ ಹೊಲಿಗೆ ತರಗತಿ ನಡೆದಿತ್ತು. ಆರು ಮಷಿನು, ಒಂಬತ್ತು ಹುಡುಗಿಯರು. ನಾನು ಒಳಗೆ ಕಾಲಿಟ್ಟ ಕೂಡಲೇ ಹುಡುಗಿಯರು ಕೈ ನಿಲ್ಲಿಸಿದರು. ಅತ್ತಿಗೆ ಅವರ ಕಡೆ ತಿರುಗಿ, ನಿಲ್ಲಿಸಬೇಡಿ, ತುಳಿಯುತ್ತಲೇ ಇರಿ ಎಂದರು. ನಮ್ಮ ಮಾತು ಅವರಿಗೆ ಕೇಳಬಾರದೆಂದು ಹಾಗೆ ಹೇಳಿದ್ದು ಎಂದು ನನಗೆ ಆಮೇಲೆ ಹೊಳೆಯಿತು. ಆ ಆರು ಮಷಿನಿನ ಗದ್ದಲದ ನಡುವೆ ಅವರು ನನ್ನ ಕೈಗೆ ಒಂದು ನೋಟಿಸು ಕೊಟ್ಟರು.

ಅಣ್ಣ ಹೋಗಿ ಎಂಟು ತಿಂಗಳಾಯಿತಲ್ಲ, ಮನೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅತ್ತಿಗೆ ಅರ್ಜಿ ಹಾಕಿದ್ದರು. ತಾನು ಹೋದ ಮೇಲೆ ಮನೆ ಹೆಂಡತಿಗೆ ಎಂದು ಅಣ್ಣ ಹಿಂದೆ ಉಯಿಲು ಬರೆಸಿದ್ದ, ಬರೆದವನು ನಾನೇ. ಒಂದು ಪುಟದ ಕೆಲಸ, ತಕರಾರಿಗೆ ಜಾಗವೇ ಇರಲಿಲ್ಲ. ನೋಟಿಸಿನಲ್ಲಿ ಮಾತ್ರ ತಕರಾರು ಬಂದಿದೆ ಎಂದಿತ್ತು. ಮೃತರು ಅದಕ್ಕಿಂತ ಈಚೆಗೆ ಇನ್ನೊಂದು ಉಯಿಲು ಬರೆದಿದ್ದಾರೆ, ಅದರಿಂದ ಹಳೆಯದು ರದ್ದಾಗಿದೆ, ಮನೆ ತಕರಾರುದಾರರಿಗೆ ಸೇರತಕ್ಕದ್ದು. ತಕರಾರುದಾರರ ಹೆಸರು ನಿನ್ನದು. ಜೊತೆಗೆ ಲಗತ್ತಿಸಿದ್ದ ನಕಲು ಚಂದ್ರನ ಉಯಿಲು.

ನಿನ್ನ ಕಾಗದದಲ್ಲಿ ಹೊಸ ಪರದೆಯ ಬಣ್ಣವಿತ್ತು, ಅಳಿಯಂದಿರು ರಕ್ತ ತಪಾಸಣೆಯ ಲ್ಯಾಬ್ ತೆರೆಯಲು ಜಾಗ ಹುಡುಕುತ್ತಿರುವುದಿತ್ತು, ಇದರ ಬಗ್ಗೆ ಒಂದಕ್ಷರ ಇರಲಿಲ್ಲ.

ನಿನ್ನ ಮದುವೆಗೆ ದೊಡ್ಡಪ್ಪ ಕೊಟ್ಟ ಆ ಉಯಿಲು ನಿನಗೆ ನೆನಪಿರಬೇಕು, ಅದನ್ನು ಬರೆದ ಕಥೆ ಹೇಳುತ್ತೇನೆ, ಏಕೆಂದರೆ ಆ ದಿನ ನೀನು ಅಲ್ಲಿರಲಿಲ್ಲ. ನಿನ್ನ ಮದುವೆಗೆ ಎರಡು ವಾರವಿತ್ತು. ಅಣ್ಣ ಕನ್ನಡಕದ ಅಂಗಡಿಗೆ ಬೀಗ ಹಾಕಿಕೊಂಡು ಬೆಳಿಗ್ಗೆಯೇ ನನ್ನ ಮೇಜಿಗೆ ಬಂದ. ಕೈಯಲ್ಲಿ ಬಂಗಾರದ ಅಂಚಿನ ಒಂದು ಕಾಗದ, ಕೆಂಪು ಮುದ್ರೆ, ಚಂದ್ರನ ನಕಾಶೆಯ ಮೇಲೆ ಒಂದು ಗೀಟು. ಯಾವುದೋ ಕಂಪನಿಯವರು ಚಂದ್ರನನ್ನು ಎಕರೆ ಲೆಕ್ಕದಲ್ಲಿ ಮಾರುತ್ತಾರಂತೆ, ಉಡುಗೊರೆ ಕೊಡುವವರಿಗೆ. ಚಂದ್ರ ಯಾರಪ್ಪನ ಮನೆ ಸ್ವತ್ತು, ಮಾರಿದವನ ಹೆಸರಿಗೆ ಹೇಗೆ ಬಂತು, ಮೂಲಪತ್ರ ಎಲ್ಲಿ ಎಂದು ನಾನು ಕೇಳಿದೆ. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನೀನು ಏಳು ವರ್ಷದವಳಿದ್ದಾಗ ಅವನು ಹಳೆಯ ಗಾಜುಗಳನ್ನು ತಗಡಿನ ಕೊಳವೆಗೆ ಜೋಡಿಸಿ ದುರ್ಬೀನು ಮಾಡಿದ್ದನಲ್ಲ, ಅದರಲ್ಲಿ ನೋಡಿ ನೀನು ಒಂದು ಕಲೆಗೆ ಬೆರಳು ತೋರಿಸಿ, ಇದು ನಂದು, ಯಾರೂ ಮುಟ್ಟಬಾರದು ಎಂದಿದ್ದೆಯಂತೆ. ಹದಿನೆಂಟು ವರ್ಷ ಆ ಮನುಷ್ಯ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದ.

“ಇದು ಯಾವುದೋ ಭಾಷೆಯ ಕಾಗದ, ನಂಗೆ ನಂಬಿಕೆ ಇಲ್ಲ. ನೀನು ನಮ್ಮ ರೀತೀಲಿ ಒಂದು ಉಯಿಲು ಬರಿ. ನಾನಿರೋವರೆಗೆ ಯಜಮಾನ ನಾನೇ, ದುರ್ಬೀನಲ್ಲಿ ನೋಡ್ಕೊಂಡಿರ್ತೀನಿ. ನಾನು ಹೋದ ಮೇಲೆ ಪಟಾಕಿಗೆ” ಎಂದ.

ನಾನೂ ಹುರುಪಿಗೆ ಬಿದ್ದೆ. ಯಾವ ದಿಕ್ಕಿಗೆ ಏನಿದೆ ಎಂದು ಚಕ್ಕುಬಂದಿ ಬರೆಯಬೇಕಲ್ಲ, ಬರೆದೆ. ಪೂರ್ವಕ್ಕೆ ಬಯಲು, ಪಶ್ಚಿಮಕ್ಕೆ ಅದೇ ಬಯಲು, ಉತ್ತರಕ್ಕೆ ದೊಡ್ಡ ಹಳ್ಳ, ದಕ್ಷಿಣಕ್ಕೆ ಹೆಸರು ಗೊತ್ತಿಲ್ಲದ ಯಾವನೋ ಪುಣ್ಯಾತ್ಮನ ಎಕರೆ. ನೀರಿನ ಹಕ್ಕು ಇರುವುದಿಲ್ಲ. ದಾರಿಯ ಹಕ್ಕನ್ನು ಹೋಗಿ ಬಂದವರಿಂದ ವಿಚಾರಿಸಿ ತಿಳಿಯತಕ್ಕದ್ದು. ಟೈಪಿಸ್ಟು ನಗು ತಡೆಯಲಾರದೆ ಎರಡು ಸಲ ತಪ್ಪು ಹೊಡೆದಳು. ಪಕ್ಕದ ಜೆರಾಕ್ಸ್ ಅಂಗಡಿಯವನನ್ನು ಕರೆದು ಅವನದೂ ಅವಳದೂ ಸಾಕ್ಷಿ ಸಹಿ ಹಾಕಿಸಿದೆವು. ಆ ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಕೆಲಸ ಮಾಡಿದವರು ಯಾರೂ ಇಲ್ಲ.

ಈಗ ತೊಂದರೆ ಎಲ್ಲಿದೆ ಎಂದು ಕೇಳು. ನಮ್ಮ ಕಸುಬಿನಲ್ಲಿ ಪ್ರತಿ ಉಯಿಲಿನ ಕಡೆಗೆ ಎರಡು ಸಾಲು ಇರುತ್ತವೆ. ಇದೇ ನನ್ನ ಕಡೆಯ ಉಯಿಲು, ಹಿಂದೆ ಬರೆದವೆಲ್ಲ ರದ್ದು, ಇದು ಒಂದು. ಮೇಲೆ ಹೆಸರಿಸದೆ ಉಳಿದ ನನ್ನ ಸಮಸ್ತ ಸ್ವತ್ತೂ ಸದರಿಯವರಿಗೇ ಸೇರತಕ್ಕದ್ದು, ಇದು ಇನ್ನೊಂದು. ಕಂಪ್ಯೂಟರಿನಲ್ಲಿ ನಮೂನೆ ಸಿದ್ಧವಿರುತ್ತದೆ. ಟೈಪಿಸ್ಟು ಮೇಲಿನ ಭಾಗ ಅಳಿಸಿ ಚಂದ್ರನನ್ನು ತುಂಬಿದಳು, ಕೆಳಗಿನ ಎರಡು ಸಾಲು ಹಾಗೇ ಉಳಿದವು. ಕೈತಪ್ಪು. ನಮ್ಮಂಥವರಿಗೆ ಮಾತ್ರ ಆಗುವ ಕೈತಪ್ಪು. ಕಸುಬಿಲ್ಲದವನು ಬರೆದಿದ್ದರೆ ತಮಾಷೆ ತಮಾಷೆಯಾಗಿಯೇ ಉಳಿಯುತ್ತಿತ್ತು.

ಅಳಿಯಂದಿರ ಕಣ್ಣಿಗೆ ಆ ಎರಡು ಸಾಲು ಬಿದ್ದಿವೆ. ಅವರನ್ನು ನಾನು ಬಯ್ಯುವುದಿಲ್ಲ. ಆದರೆ ನೀನು ಆ ಮನೆಯ ಮೆಟ್ಟಿಲ ಮೇಲೆ ಬೆಳೆದವಳು. ನಿನ್ನ ಶಾಲೆಯ ಲಂಗಗಳನ್ನೆಲ್ಲ ಆ ಮಷಿನುಗಳೇ ಹೊಲಿದವು. ದೊಡ್ಡಮ್ಮನಿಗೆ ಆ ತರಗತಿಯೇ ಅನ್ನ. ಇದರ ಜೊತೆ ಒಂದು ಕಾಗದ ಇಟ್ಟಿದ್ದೇನೆ, ಎರಡೇ ಸಾಲು, ನನ್ನ ತಕರಾರನ್ನು ಹಿಂದಕ್ಕೆ ಪಡೆದಿದ್ದೇನೆ ಎಂದು. ಸಹಿ ಹಾಕಿ ಕಳಿಸು. ವಿಚಾರಣೆ ಇಪ್ಪತ್ತನಾಲ್ಕಕ್ಕೆ, ಸೋಮವಾರ, ಹನ್ನೊಂದು ಗಂಟೆಗೆ. ಎರಡು ಉಯಿಲನ್ನೂ ಬರೆದವನು ಎಂದು ನನಗೂ ಕರೆ ಬಂದಿದೆ.

ಅಮ್ಮ ನೆನಪು ಹೇಳಿದ್ದಾಳೆ. ಮೈ ಕಡೆ ನೋಡಿಕೋ.

ಇಂತಿ ನಿನ್ನ
ಅಪ್ಪ

ಮರೆತ ಮಾತು: ದೊಡ್ಡಮ್ಮ ನಿನ್ನ ಮೇಲೆ ಒಂದೂ ಕೆಟ್ಟ ಮಾತಾಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು.


ಜೂನ್ 12, ಬುಧವಾರ

ಮಗಳೇ,

ನಿನ್ನ ಉತ್ತರ ನಿನ್ನೆ ಸಿಕ್ಕಿತು. ನಾನು ಕಳಿಸಿದ ಕಾಗದ ಸಹಿಯಿಲ್ಲದೆ ವಾಪಸು ಬಂದಿದೆ. ಅದನ್ನು ಮಡಿಸಿದ ರೀತಿ ನೋಡಿದರೆ ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದೆ ಅನಿಸುತ್ತದೆ. ಅಷ್ಟಾದರೂ ಯೋಚಿಸಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಸಿಟ್ಟು ಬರಲಿಲ್ಲವೆಂದರೆ ಸುಳ್ಳು. ಬಂತು, ಅಮ್ಮನ ಮೇಲೆ ತೀರಿಸಿಕೊಂಡೆ, ಅವಳು ಬಡ್ಡಿ ಸಮೇತ ವಾಪಸು ಕೊಟ್ಟಳು.

ನೀನು ಬರೆದದ್ದನ್ನು ಹತ್ತು ಸಲ ಓದಿದೆ. ಮನೆಗೋಸ್ಕರ ಅಲ್ಲ ಅಪ್ಪ ಎಂದಿದ್ದೀಯ. ದೊಡ್ಡಪ್ಪ ತಮಾಷೆಯ ನೆಪದಲ್ಲಿ ಮನಸ್ಸಿನಲ್ಲಿದ್ದದ್ದನ್ನೇ ಬರೆಸಿದ್ದಾರೆ, ನೀನೇ ನನ್ನ ಮಗಳು ಎಂದು ಅವರು ಸಾವಿರ ಸಲ ಅಂದದ್ದಕ್ಕೆ ಇದೊಂದೇ ಸಾಕ್ಷಿ, ಅದನ್ನು ಬೇಡವೆಂದರೆ ಅವರನ್ನೇ ಬೇಡವೆಂದ ಹಾಗೆ ಎಂದಿದ್ದೀಯ. ಆಮೇಲೆ ನನಗೇ ಒಂದು ಪ್ರಶ್ನೆ ಹಾಕಿದ್ದೀಯ. ಓದಿ ಕೇಳಿಸದೆ ಸಹಿ ಹಾಕಿಸಿದರೆ ಅದು ಪತ್ರವೇ ಅಲ್ಲ ಎಂದು ನನಗೆ ಕಲಿಸಿದವರು ನೀವು, ದೊಡ್ಡಪ್ಪನಿಗೂ ಓದಿ ಹೇಳಿದ ಮೇಲೆ ತಾನೇ ಸಹಿ ಹಾಕಿಸಿದ್ದು, ಹಾಗಿದ್ದರೆ ಅವರು ಒಪ್ಪಿದ್ದಾರೆ ಅಂತಲೇ ಅರ್ಥ. ಇಷ್ಟು ಗಟ್ಟಿಯಾಗಿ ವಾದಿಸುವವಳು ವಕೀಲಿ ಓದಬೇಕಿತ್ತು. ನಾನೇ ಬೇಡವೆಂದೆ.

ಶನಿವಾರ ಅಳಿಯಂದಿರು ಬಂದಿದ್ದರು. ನಿನಗೆ ಗೊತ್ತಿತ್ತೋ ಇಲ್ಲವೋ. ನನ್ನ ಮೇಜಿಗೆ ಬಂದು, ಮಾವ, ನನಗೆ ಇದರಲ್ಲಿ ಜಗಳ ಬೇಡ, ದೊಡ್ಡತ್ತೆಗೆ ಮೇಲಿನ ಒಂದು ರೂಮು ಕೊಟ್ಟರಾಯಿತು, ಲ್ಯಾಬಿಗೆ ಕೆಳಗಿನ ಹಾಲು ಸಾಕು ಎಂದು ಬಹಳ ಮರ್ಯಾದೆಯಿಂದಲೇ ಹೇಳಿದರು. ವಿಚಾರಣೆಯಲ್ಲಿ ನೀವು ಬರೆದದ್ದನ್ನು ಬರೆದದ್ದು ಅಂತ ಹೇಳಿದರೆ ಸಾಕು, ಸುಳ್ಳು ಹೇಳಿ ಅಂತ ನಾನೇನೂ ಕೇಳುತ್ತಿಲ್ಲ ಎಂದೂ ಹೇಳಿದರು. ಮಾತಿಗೆ ತಪ್ಪಿಲ್ಲ.

ಅಲ್ಲಿಂದ ಅವರು ನೇರ ದೊಡ್ಡಮ್ಮನ ಮನೆಗೆ ಹೋಗಿದ್ದಾರೆ. ನಾನು ಹಿಂದೆಯೇ ಹೋದೆ. ತರಗತಿ ನಡೆಯುತ್ತಿತ್ತು. ಅಳಿಯಂದಿರು ಜೇಬಿನಿಂದ ಟೇಪು ತೆಗೆದು ಗೋಡೆಯಿಂದ ಗೋಡೆಗೆ ಅಳೆಯುತ್ತಿದ್ದರು. ಒಂದು ತುದಿ ಹಿಡಿದುಕೊಳ್ಳಲು ಜನ ಬೇಕಾಯಿತು. ಅತ್ತಿಗೆ ಮಷಿನಿನಿಂದ ಎದ್ದು ಬಂದು ತಾವೇ ಹಿಡಿದರು. ಅಳತೆ ಮಾಡಿ ಬದುಕಿದ ಕೈ, ಟೇಪು ಸಡಿಲ ಬಿಡದೆ ಎಳೆದು ಹಿಡಿದು, ಹದಿನಾರೂವರೆ ಅಡಿ ಎಂದರು. ಅಳಿಯಂದಿರು ಬರೆದುಕೊಂಡರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಹುಡುಗಿಯರಲ್ಲಿ ಒಬ್ಬಳು ಅಳುತ್ತಿದ್ದಳು.

ಅವರು ಹೋದ ಮೇಲೆ ಅತ್ತಿಗೆ ನನ್ನನ್ನು ಅಡುಗೆಮನೆಗೆ ಕರೆದರು. ಆ ಮನೆಗೆ ಅವರು ಬಂದಾಗ ನಾನು ಹೈಸ್ಕೂಲು, ಗೊತ್ತಲ್ಲ. ನನ್ನ ಅಂಗಿಗೆ ಗುಂಡಿ ಹಾಕಿಕೊಟ್ಟವರು. ಬೈಯಲಿ, ಹೊಡೆಯಲಿ ಎಂದು ಕಾದು ನಿಂತೆ. ಅವರು ಬಚ್ಚಲ ಕಡೆ ಮುಖ ಮಾಡಿ ಕೈ ತೊಳೆಯುತ್ತಾ ಕೇಳಿದರು.

“ಮನೆ ಹೋದ್ರೆ ಹೋಗ್ಲಿ ಕಣೋ. ಒಂದು ವಿಷ್ಯ ಹೇಳು. ನೀನು ಆ ಸಾಲು ಓದಿದಾಗ ಅವರು ಕೇಳಿಸ್ಕೊಂಡ್ರಾ?”

ನಾನು ಹೂಂ ಎಂದೆ.

“ಏನೂ ಅನ್ಲಿಲ್ವಾ?”

ಇಲ್ಲ ಎಂದೆ.

ಅವರು ನಲ್ಲಿ ನಿಲ್ಲಿಸಿದರು. “ನಲವತ್ತೊಂದು ವರ್ಷ. ಒಂದು ಮಾತು ನಂಗೆ ಹೇಳ್ಬೋದಿತ್ತು” ಎಂದರು. ಅಷ್ಟೇ. ಆಮೇಲೆ ಹಾಲಿಗೆ ಹೋಗಿ ಹುಡುಗಿಯರಿಗೆ ತೋಳು ಜೋಡಿಸುವುದನ್ನು ತೋರಿಸಿದರು, ನಾನು ಹೊರಟು ಬಂದೆ.

ಪಟಾಕಿ, ನೀನು ನಿನ್ನ ದೊಡ್ಡಪ್ಪ ನಿನಗೆ ಏನು ಕೊಟ್ಟರು ಎಂದು ನೋಡುತ್ತಿದ್ದೀಯ. ದೊಡ್ಡಮ್ಮನಿಂದ ಏನು ಹೋಯಿತು ಎಂದು ಒಂದು ಸಲ ನೋಡು. ಮನೆಯ ಮಾತಲ್ಲ. ಗಂಡ ತನ್ನನ್ನು ಬೀದಿಗೆ ಬಿಟ್ಟುಹೋದ, ಅದೂ ನಗುನಗುತ್ತಾ, ಮೈದುನನ ಮೇಜಿನ ಮುಂದೆ, ಹತ್ತು ಜನರೆದುರು ಎಂದು ಆ ಹೆಂಗಸು ಈಗ ನಂಬಿದ್ದಾರೆ. ಅವರು ಬದುಕಿರುವವರೆಗೆ ನಂಬುತ್ತಾರೆ.

ಇನ್ನೂ ಹನ್ನೆರಡು ದಿನವಿದೆ. ಅದೇ ಕಾಗದವನ್ನು ಮತ್ತೆ ಇಟ್ಟಿದ್ದೇನೆ. ಮಡಿಕೆ ಬಿಡಿಸಿ ಸಹಿ ಹಾಕು.

ಅಪ್ಪ


ಜೂನ್ 21, ಶುಕ್ರವಾರ

ಪ್ರೀತಿಯ ಪಟಾಕಿಗೆ,

ಇದನ್ನು ಕೊರಿಯರಿನವನ ಕೈಯಲ್ಲಿ ಕಳಿಸುತ್ತಿದ್ದೇನೆ, ನಾಳೆ ಮಧ್ಯಾಹ್ನದೊಳಗೆ ಸಿಗುತ್ತದೆ ಎಂದು ಅವನು ಆಣೆ ಮಾಡಿದ್ದಾನೆ. ನಿನ್ನಿಂದ ಉತ್ತರ ಬರಲಿಲ್ಲ. ನಾನು ಏಳೆಂಟು ಸಲ ಫೋನ್ ಮಾಡಿದೆ. ಹೋದ ಭಾನುವಾರ ಎತ್ತಿದವಳು ನೀನೇ, ಏನೂ ಮಾತಾಡದೆ ಇಟ್ಟೆ. ನಿನ್ನ ಉಸಿರು ನನಗೆ ಗೊತ್ತಾಗುತ್ತದೆ, ಮರೆತಿದ್ದೀಯ ಅನ್ನಿಸುತ್ತದೆ.

ಸುದ್ದಿ ಹೇಳುತ್ತೇನೆ. ದೊಡ್ಡಮ್ಮ ತರಗತಿ ಮುಚ್ಚಿದರು. ವಿಚಾರಣೆಯಾದರೂ ಮುಗಿಯಲಿ ಎಂದು ನಾನೂ ಅಮ್ಮನೂ ಗೋಗರೆದೆವು, ಕೇಳಲಿಲ್ಲ. ಎರಡು ಮಷಿನುಗಳನ್ನು ಹುಡುಗಿಯರೇ ಒಯ್ದಿದ್ದಾರೆ, ಉಳಿದ ನಾಲ್ಕನ್ನು ಗೋಣಿ ಹೊದಿಸಿ ಗೋಡೆಗೆ ಒರಗಿಸಿದ್ದಾರೆ. ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ನೋಡಿದ್ದಾರೆ. ಒಂದು ಕಿಟಕಿ, ಅದೂ ಪಕ್ಕದ ಮನೆಯ ಗೋಡೆಗೆ ತೆರೆಯುವಂಥದ್ದು. ಸೋಮವಾರ ಕಚೇರಿಗೆ ಬರುವುದಿಲ್ಲವಂತೆ. ಏಕೆ ಎಂದು ಅಮ್ಮ ಕೇಳಿದಳು. ಅವರೇ ನನಗೆ ಬೇಡ ಅಂದ ಮನೆಗಾಗಿ ನಾನು ಹೋಗಿ ಕೈಯೊಡ್ಡಿ ನಿಲ್ಲಲಾ ಎಂದರಂತೆ. ಅಣ್ಣನ ಫೋಟೋ ಗೋಡೆಯಲ್ಲಿಲ್ಲ. ಕಪಾಟಿನ ಹಿಂದೆ, ಮುಖ ಆ ಕಡೆಗೆ ಮಾಡಿ ಇಟ್ಟಿದ್ದಾರೆ. ಅಮ್ಮ ಅದನ್ನು ನೋಡಿ ಬಂದವಳು ಅವತ್ತಿನಿಂದ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಬೈದರೆ ತಡೆದುಕೊಳ್ಳಬಹುದು, ಇದು ಕಷ್ಟ.

ಮಂಗಳವಾರ ನಾನು ವಿಚಾರಣೆ ಮಾಡುವ ಅಧಿಕಾರಿಯನ್ನು ಕಂಡುಬಂದೆ. ನಿನ್ನದೇ ವಯಸ್ಸಿನ ಹೆಣ್ಣುಮಗಳು. ಇದು ತಮಾಷೆಗೆ ಬರೆದದ್ದು ತಾಯಿ, ದಾರಿಯ ಹಕ್ಕಿನ ಸಾಲು ಓದಿದರೆ ತಮಗೇ ತಿಳಿಯುತ್ತದೆ ಎಂದೆ. ಅವರು ಓದಿದರು, ನಗಲಿಲ್ಲ. ಚಂದ್ರನ ಭಾಗ ತಮಾಷೆಯೇ ಇರಬಹುದು, ಕೆಳಗಿನ ಸಾಲುಗಳು ತಮಾಷೆಯ ಸಾಲುಗಳಲ್ಲ, ಸಹಿ ನಿಜವಾದದ್ದು, ಸಾಕ್ಷಿಗಳು ನಿಜವಾದವರು ಎಂದರು. ಕಡೆಗೆ ಫೈಲು ಮುಚ್ಚಿ ಹೇಳಿದರು.

“ಅವರಿಗೆ ಗೊತ್ತಿದ್ದು ಸಹಿ ಹಾಕಿದ್ರೆ ಮನೆ ನಿಮ್ಮ ಮಗಳದು. ಗೊತ್ತಿಲ್ಲದೆ ಹಾಕಿದ್ರೆ ಇದು ಬರೀ ಕಾಗದ. ಓದಿ ಹೇಳಿದವರು ನೀವು. ಸೋಮವಾರ ನೀವು ಹೇಳೋದ್ರ ಮೇಲೆ ನಿಂತಿದೆ.”

ಮೂವತ್ತೊಂದು ವರ್ಷ ಆ ಕಚೇರಿಯ ಎದುರು ಕೂತಿದ್ದೇನೆ, ಇಷ್ಟು ಚುಟುಕಾಗಿ ಯಾರೂ ನನಗೆ ಕಾನೂನು ಹೇಳಿರಲಿಲ್ಲ. ಮೆಟ್ಟಿಲಿಳಿದು ಬಂದು ಕುರ್ಚಿಯಲ್ಲಿ ಕೂತವನಿಗೆ ಎದುರಿನ ಗಿರಾಕಿ ಏನು ಕೇಳುತ್ತಿದ್ದಾನೆ ಎಂದೇ ತಿಳಿಯಲಿಲ್ಲ. ಅವನು ಎದ್ದು ಪಕ್ಕದ ಮೇಜಿಗೆ ಹೋದ.

ಅವತ್ತು ಸಂಜೆ ಮೇಜು ಮುಚ್ಚುವಾಗ ಟೈಪಿಸ್ಟು ಕಂಪ್ಯೂಟರಿಗೆ ಹೊದಿಕೆ ಹಾಕುತ್ತಾ, ನನ್ನನ್ನೂ ಸಾಕ್ಷಿಗೆ ಕರೆದಿದ್ದಾರೆ ಸಾರ್, ನಾನೇನು ಹೇಳಲಿ ಎಂದು ಕೇಳಿದಳು. ನೀನು ಕಂಡದ್ದನ್ನು ಹೇಳು ಎಂದೆ. ಅವಳು ಹೊದಿಕೆಯ ಅಂಚು ಎಳೆದು ಸರಿಮಾಡಿ, ನೀವು ಏನು ಹೇಳ್ತೀರೋ ನಾನೂ ಅದನ್ನೇ ಹೇಳ್ತೀನಿ ಎಂದಳು. ಅವಳಿಗೂ ಮನೆಯಿದೆ, ಮಕ್ಕಳಿದ್ದಾರೆ, ನನ್ನ ಮೇಜು ನಂಬಿಕೊಂಡಿದ್ದಾಳೆ. ನನ್ನಿಂದಾಗಿ ಅವಳ ನಾಲಿಗೆಯೂ ಕೊಳೆಯಾಗಬೇಕೇ? ಮಾರನೆಯ ದಿನ ಅವಳ ಮುಖ ನೋಡುವುದಕ್ಕೂ ಆಗಲಿಲ್ಲ.

ಸೋಮವಾರ ನಾನು ಹೋಗುತ್ತೇನೆ. ನೀನು ಸಹಿ ಹಾಕಿದರೂ ಹೋಗುತ್ತೇನೆ, ಹಾಕದಿದ್ದರೂ ಹೋಗುತ್ತೇನೆ. ಇನ್ನು ನಿನ್ನನ್ನು ಸಹಿ ಕೇಳುವುದಿಲ್ಲ. ಹಿಂದಿನ ಎರಡು ಕಾಗದಗಳಲ್ಲಿ ನಿನ್ನ ಕೈಯಿಂದ ಕೆಲಸ ಮಾಡಿಸಿಕೊಳ್ಳಲು ನೋಡಿದೆ. ಅದು ನಿನ್ನ ಕೆಲಸವಾಗಿರಲಿಲ್ಲ. ಒಂದೇ ಒಂದು ಕೇಳಿಕೊಳ್ಳುತ್ತೇನೆ. ಭಾನುವಾರವೇ ಹೊರಟು ಬಾ. ನಮ್ಮ ಮನೆಗಲ್ಲ, ದೊಡ್ಡಮ್ಮನ ಮನೆಗೆ. ಸೋಮವಾರ ಬೆಳಿಗ್ಗೆ ಅವರೊಬ್ಬರೇ ಇರಬಾರದು. ಅಳಿಯಂದಿರಿಗೆ ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು. ಅವರು ಕೆಟ್ಟವರಲ್ಲ, ಕಾಗದದಲ್ಲಿ ಇದ್ದದ್ದನ್ನು ಓದಿದರು ಅಷ್ಟೇ.

ಇನ್ನು ಮುಂದೆ ನಾನು ಆ ಜಗಲಿಯಲ್ಲಿ ಕೂರುವುದಿಲ್ಲ. ಪರವಾನಗಿ ಅವರು ಕಿತ್ತುಕೊಳ್ಳುವ ಮೊದಲು ನಾನೇ ಕೊಟ್ಟುಬರುತ್ತೇನೆ. ಮೇಜು ಟೈಪಿಸ್ಟಿಗೆ ಎಂದು ಹೇಳಿದ್ದೇನೆ. ಅವಳು ಪರೀಕ್ಷೆ ಕಟ್ಟಿದರೆ ಅವಳೇ ಬರಹಗಾರ್ತಿ ಆಗಬಹುದು, ನನಗಿಂತ ತಪ್ಪು ಕಡಿಮೆ ಮಾಡುತ್ತಾಳೆ.

ನೀನು ಚೆನ್ನಾಗಿರು. ನಿನ್ನ ಸಂಸಾರ ತಣ್ಣಗಿರಲಿ. ಸಿಟ್ಟು ಬಂದಾಗ ಊಟ ಬಿಡುವ ಅಭ್ಯಾಸ ನನ್ನಿಂದ ಬಂದದ್ದು, ಅದನ್ನು ಬಿಡು. ನನ್ನ ಆಯುಸ್ಸಿನಲ್ಲಿ ಉಳಿದದ್ದರ ಒಳ್ಳೆಯ ಭಾಗವೆಲ್ಲ ನಿನಗಿರಲಿ ಎಂದು ಹರಸುತ್ತೇನೆ.

ಇಂತಿ
ನಿನ್ನ ಅಪ್ಪ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಇದನ್ನು ಸೋಮವಾರ ಪರರ ಬಾಯಿಂದ ನೀನು ಕೇಳಬಾರದು.

ಅದು ಕೈತಪ್ಪಲ್ಲ ಮಗಳೇ. ಆ ದಿನ ಅಣ್ಣನಿಗೆ ಓದಿ ಹೇಳುತ್ತಾ ಬಂದೆ. ಹಳ್ಳ, ಪುಣ್ಯಾತ್ಮನ ಎಕರೆ, ನೀರಿನ ಹಕ್ಕು. ಅವನು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದ. ಕೆಳಗೆ ಬಂದಾಗ ಆ ಎರಡು ಸಾಲು ಕಂಡವು. ಕಂಡವು, ಅರ್ಥವೂ ಆಯಿತು. ಪೆನ್ನು ಕೈಯಲ್ಲೇ ಇತ್ತು, ಹೊಡೆದುಹಾಕಲು ಕ್ಷಣ ಸಾಕಿತ್ತು. ಆಗ ಅತ್ತಿಗೆಯ ತಮ್ಮನ ಮಗ ಆ ಮನೆಗೆ ಬಂದುಹೋಗಿ ಮಾಡುತ್ತಿದ್ದ, ಮಕ್ಕಳಿಲ್ಲದವರ ಮನೆ, ಅತ್ತಿಗೆಯ ನಂತರ ಅವನಿಗೇ ಹೋಗುತ್ತದೆ ಎಂದು ನನ್ನ ಹೊಟ್ಟೆಯಲ್ಲಿ ಕಿಚ್ಚು ಬಿದ್ದಿತ್ತು. ಜೀವನವಿಡೀ ಪರರ ಮನೆಗಳಿಗೆ ಚಕ್ಕುಬಂದಿ ಬರೆದೆ, ನಿನಗೆಂದು ನಾಲ್ಕು ಗೋಡೆ ನನ್ನಿಂದ ಆಗಲಿಲ್ಲ. ಇರಲಿ, ಅಣ್ಣನ ಕಾಲ ಮುಗಿದ ಮೇಲೆ ತಾನೇ, ಅಷ್ಟರೊಳಗೆ ಸರಿ ಮಾಡಿದರಾಯಿತು ಎಂದುಕೊಂಡೆ. ಆ ಎರಡು ಸಾಲು ಬಿಟ್ಟು ತಾರೀಖು ಓದಿದೆ. ಟೈಪಿಸ್ಟು ಪರದೆಯಿಂದ ತಲೆಯೆತ್ತಿ ನನ್ನ ಕಡೆ ನೋಡಿದಳು. ಅವಳಿಗೆ ಆರು ವರ್ಷದಿಂದ ಗೊತ್ತಿದೆ.

“ಅಷ್ಟೇನಾ?” ಎಂದ ಅಣ್ಣ. ಅಷ್ಟೇ ಎಂದೆ. ಅವನು ಸಹಿ ಹಾಕಿದ.

ನಿನ್ನ ದೊಡ್ಡಪ್ಪ ನಿನಗೆ ಮನಸಾರೆ ಕೊಟ್ಟದ್ದು ಚಂದ್ರನ ಮೇಲಿನ ಒಂದು ಎಕರೆ. ಮನೆಯನ್ನು ಅವನು ಹೆಂಡತಿಗೆ ಬಿಟ್ಟಿದ್ದ, ಬಿಟ್ಟಿದ್ದೇನೆ ಎಂದೇ ತಿಳಿದು ಸತ್ತ. ಸೋಮವಾರ ನಾನು ಕಚೇರಿಯಲ್ಲಿ ಹೇಳುವುದು ಇದನ್ನು. ಆದರೆ ಅತ್ತಿಗೆಗೆ ಹೇಳಲು ನನಗೆ ಮುಖವಿಲ್ಲ. ನಾನು ಹೂಂ ಅಂದದ್ದು ಸುಳ್ಳು, ಅವರ ಗಂಡ ಆ ಸಾಲನ್ನು ಕೇಳಿಸಿಕೊಳ್ಳಲೇ ಇಲ್ಲ ಎಂದು ನೀನು ಹೋಗಿ ಅವರಿಗೆ ಹೇಳು.